ಭೀಮವ್ವನ ಹೆಸರು ಯಾರಿಗೆ ಭಾರ?

ಕಳೆದ ಬೇಸಗೆಯ ಮಾತು. ನನ್ನ ಮೊಮ್ಮಗಳನ್ನು ಬೆಂಗಳೂರಿನ ಒಂದು ಶಾಲೆಗೆ ಸೇರಿಸಲು ಮಗ-ಸೊಸೆಯರ ಜತೆಗೆ ನಾನೂ ಹೋಗಿದ್ದೆ. ಅರ್ಜಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ 'ಭೀಮಾ' ಎಂಬ ಹೆಸರನ್ನು ಓದಿದ ಗುಮಾಸ್ತರು, ಎದುರಿಗೇ ಎರಡು ಜಡೆ ಹಾಕಿಕೊಂಡು ನಿಂತಿದ್ದ ಮಗುವಿನ ಕಡೆ ಕಣ್ಣೆತ್ತಿ ನೋಡದೆ, 'ಗಂಡು' ಎಂಬಲ್ಲಿ ಗುರುತು ಹಾಕಿದರು. ನಾನು ಹೇಳಿ ತಿದ್ದಿಸಿದೆ. ಅಷ್ಟಕ್ಕೇ ಮುಗಿದಿದ್ದರೆ ಈ ಲೇಖನದ ಅಗತ್ಯ ಬೀಳುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಶಿಕ್ಷಕಿಯೊಬ್ಬರು ನಕ್ಕು, "ಹೆಣ್ಣುಮಗುವಿಗೆ ಇಂಥ ಹೆಸರು ಯಾಕೆ ಸಾರ್? ಒಂದಕ್ಷರ ತಿದ್ದಿ 'ಭೂಮಿ' ಅಂತ ಮಾಡಿಬಿಡಿ, ಮುದ್ದಾಗಿರುತ್ತೆ" ಎಂದರು. ಮಗ-ಸೊಸೆ ಮುಖ ಮುಖ ನೋಡಿಕೊಂಡರು. ಅಂದಿನಿಂದ ಮನೆಯಲ್ಲಿ ಹೆಸರು ಬದಲಿಸುವ ಮಾತು ನಡೆದಿದೆ.

ಮನೆಯ ಮಾತನ್ನು ಪತ್ರಿಕೆಗೆ ತರುವುದು ನನ್ನ ಸ್ವಭಾವವಲ್ಲ. ಆದರೆ ಆ ಮೇಜಿನ ಬಳಿ ನಡೆದದ್ದು ನಮ್ಮ ಮನೆಯೊಂದರ ಸಂಗತಿಯಲ್ಲ. ನಮ್ಮ ಕಡೆಯಿಂದ ಪಟ್ಟಣಕ್ಕೆ ಬಂದ ಎಷ್ಟೋ ಮನೆಗಳಲ್ಲಿ ಭೀಮವ್ವ, ಭಾಗಮ್ಮ, ನೀಲವ್ವ ಎಂಬ ಹೆಸರುಗಳು ಹೀಗೆ ಒಂದೊಂದು ನಗೆಗೆ ಅಂಜಿ ಅಳಿದುಹೋಗುತ್ತಿವೆ.

ನಮ್ಮೂರು ಸಿಂದಗಿ ಸೀಮೆಯ ದೇವಣಗಾಂವ. ಭೀಮಾ ನದಿಯ ದಂಡೆಯ ಮೇಲಿನ ಊರು. ನಮ್ಮ ಆಯಿ, ಎಂದರೆ ತಂದೆಯ ತಾಯಿ, ಭೀಮವ್ವ. ನಾನು ಕಲಿತ ಕನ್ನಡ ಶಾಲೆಯ ಒಂದೇ ವರ್ಗದಲ್ಲಿ ಇಬ್ಬರು ಭೀಮವ್ವರಿದ್ದರು. ಮಾಸ್ತರರು ಒಬ್ಬಳನ್ನು ದೊಡ್ಡ ಭೀಮವ್ವ, ಇನ್ನೊಬ್ಬಳನ್ನು ಸಣ್ಣ ಭೀಮವ್ವ ಎಂದು ಕರೆಯುತ್ತಿದ್ದರು. ಓಣಿಯಲ್ಲಿ ಭೀಮಕ್ಕ, ವಾಡೆಯಲ್ಲಿ ಭೀಮಾಬಾಯಿ, ಸಲಿಗೆಗೆ ಭೀಮಿ. ಇದು ಗಂಡಸರ ಹೆಸರೆಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗಂಡಸರಿಗೆ ಭೀಮರಾಯ, ಭೀಮಣ್ಣ, ಭೀಮಾಶಂಕರ ಎಂಬ ಹೆಸರುಗಳು ಬೇರೆಯೇ ಇದ್ದವು.

ಹೆಣ್ಣಿಗೆ ಈ ಹೆಸರು ಬಂದದ್ದು ಪಾಂಡವರಲ್ಲಿ ಎರಡನೆಯವನಿಂದಲ್ಲ, ಹೊಳೆಯಿಂದ. ಪುಣೆ ಜಿಲ್ಲೆಯ ಭೀಮಾಶಂಕರದ ಘಟ್ಟದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಿಜಯಪುರ-ಕಲಬುರ್ಗಿ ಜಿಲ್ಲೆಗಳ ನಡುವೆ ಹಾದು, ಸುಮಾರು 860 ಕಿಲೋಮೀಟರು ಹರಿದು ರಾಯಚೂರಿನ ಬಡಗಣಕ್ಕೆ ಕೃಷ್ಣೆಯನ್ನು ಸೇರುವ ಹೊಳೆ ಅದು. ತ್ರಿಪುರಾಸುರನೊಡನೆ ಕಾದಿ ದಣಿದ ಶಿವನ ಬೆವರೇ ಈ ನದಿಯಾಯಿತೆಂದು ಭೀಮಾಶಂಕರದ ಸ್ಥಳಪುರಾಣ ಹೇಳುತ್ತದೆ. ಪುರಾಣ ಬೇಡವೆನ್ನುವವರು ಐಹೊಳೆಯ ಮೇಗುಟಿ ಗುಡಿಗೆ ಹೋಗಬಹುದು. ಕ್ರಿ.ಶ. 634ರಲ್ಲಿ ರವಿಕೀರ್ತಿ ಅಲ್ಲಿ ಬರೆದ ಇಮ್ಮಡಿ ಪುಲಿಕೇಶಿಯ ಶಾಸನದಲ್ಲಿ ಈ ನದಿಯ ಹೆಸರು ಭೈಮರಥಿ ಎಂದಿದೆ; ಸ್ತ್ರೀಲಿಂಗದ ಹೆಸರು. ಅಲ್ಲಿಂದೀಚೆಗೆ ಸುಮಾರು 1400 ವರ್ಷಗಳಾದವು. ಇಷ್ಟು ಕಾಲ ಹೆಣ್ಣಾಗಿಯೇ ಹರಿದವಳನ್ನು ಒಬ್ಬ ಗುಮಾಸ್ತರು ಒಂದು ಗೀರಿನಿಂದ ಗಂಡು ಮಾಡಿದರು!

ಆ ಗುಮಾಸ್ತರನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲ. ನಮ್ಮ ಲಿಪಿಯಲ್ಲಿ 'ಭೀಮ' ಬೇರೆ, 'ಭೀಮಾ' ಬೇರೆ. ಕೊನೆಯ ಒಂದು ದೀರ್ಘ ಅಣ್ಣನನ್ನೂ ತಂಗಿಯನ್ನೂ ಬೇರೆಮಾಡಿ ತೋರಿಸುತ್ತದೆ. ವಿರಾಟನ ಮನೆಯಲ್ಲಿ ಮಗ ಉತ್ತರ, ಮಗಳು ಉತ್ತರಾ ಅಲ್ಲವೆ? ಕನ್ನಡದ ಕವಿಗಳು ಅವಳನ್ನು ಉತ್ತರೆ ಎಂದು ಕರೆದು ಗೊಂದಲಕ್ಕೆ ಎಡೆಯಿಲ್ಲದಂತೆ ಮಾಡಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೊಡನೆ ಆ ದೀರ್ಘ ಬಿದ್ದುಹೋಗುತ್ತದೆ. ಕನ್ನಡ ನಾಡಿನ ಶಾಲೆಯಲ್ಲಿ ಕನ್ನಡದ ಮಗುವಿನ ಹೆಸರನ್ನು ಕನ್ನಡದಲ್ಲಿಯೂ ಬರೆಯಲು ಅರ್ಜಿಯಲ್ಲಿ ಒಂದು ಸಾಲು ಜಾಗವಿದ್ದಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ. ತಪ್ಪು ಅರ್ಜಿಯದು, ಅದಕ್ಕೆ ಬದಲಾಗಬೇಕಾದದ್ದು ಮಾತ್ರ ಮಗುವಿನ ಹೆಸರಂತೆ!

ಎರಡನೆಯ ಆಕ್ಷೇಪಣೆ ಅರ್ಥದ್ದು. ಭೀಮಾ ಎಂದರೆ ಭಯ ಹುಟ್ಟಿಸುವವಳು. ಹೆಣ್ಣಿಗೆ ಅದು ಒಪ್ಪದೆಂದು ನನ್ನ ಬೀಗರೇ ಹೇಳಿದರು. ಅವರ ಮನೆಯಲ್ಲಿ ನವರಾತ್ರಿಗೆ ತಪ್ಪದೆ ದೇವೀಮಾಹಾತ್ಮ್ಯದ ಪಾರಾಯಣ ನಡೆಯುತ್ತದೆ. ಅದರ ಹನ್ನೊಂದನೆಯ ಅಧ್ಯಾಯದಲ್ಲಿ, ಮುನಿಗಳನ್ನು ಕಾಯುವುದಕ್ಕಾಗಿ ಹಿಮಾಚಲದಲ್ಲಿ ಭೀಮರೂಪ ತಾಳಿ ರಾಕ್ಷಸರನ್ನು ನುಂಗುವೆನೆಂದೂ, ಆಗ ತನಗೆ ಭೀಮಾದೇವಿ ಎಂಬ ಹೆಸರಾಗುವುದೆಂದೂ ದೇವಿಯೇ ನುಡಿಯುತ್ತಾಳೆ. ಅಂಜಬೇಕಾದವರು ರಾಕ್ಷಸರು. ಇನ್ನು ಹೊಳೆಯ ವಿಷಯಕ್ಕೆ ಬಂದರೆ, ಅವಳಿಗೆ ನಾವು ಅಂಜುವುದೂ ಉಂಟು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಾಗ ದಂಡೆಯ ಹಳ್ಳಿಗಳ ಜನ ಮನೆಮಾರು ಬಿಟ್ಟು ಎತ್ತರದ ಜಾಗ ಹುಡುಕಿಕೊಂಡು ಹೋದರು. ಆದರೆ ಅದೇ ಹೊಳೆ ಬತ್ತಿದ ಬೇಸಗೆಯಲ್ಲಿ ನಮ್ಮ ಹೆಂಗಸರು ಮಳಲಿನಲ್ಲಿ ಒರತೆ ತೋಡಿ ನೀರು ತುಂಬಿದ್ದನ್ನು ನಾನು ಕಂಡಿದ್ದೇನೆ. ಹೊಳೆ ತುಂಬಿದಾಗ ಉಡಿ ತುಂಬುವವರೂ ಅವರೇ. ಕೊಡುವವಳೂ ಕೊಂಡೊಯ್ಯುವವಳೂ ಒಬ್ಬಳೇ ಎಂದು ಬಲ್ಲ ಜನ ಅವಳ ಹೆಸರನ್ನು ಮಗಳಿಗೆ ಇಟ್ಟರೆ ಅದರಲ್ಲಿ ಒರಟುತನವೇನು ಬಂತು? ಅಜ್ಜನಿಗೆ 70 ತುಂಬಿದಾಗ ಭೀಮರಥ ಶಾಂತಿ ಮಾಡಿಸಿ ಊರಿಗೆಲ್ಲ ಊಟ ಹಾಕುವ ನಾವು, ಮೊಮ್ಮಗಳು ಭೀಮಾ ಎಂದರೆ ಮುಖ ಸಿಂಡರಿಸುವುದು ಸೋಜಿಗವೇ ಸರಿ.

ಮೂರನೆಯ ಆಕ್ಷೇಪಣೆಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಮನಸ್ಸಿನಲ್ಲಿ ಇಟ್ಟುಕೊಂಡವರೇ ಹೆಚ್ಚು. ಅದು ಹಳ್ಳಿಯವರ ಹೆಸರು, ಕಸಬರಿಗೆ ಹಿಡಿಯುವವರ ಹೆಸರು, ಓದು ಬರಹ ಇಲ್ಲದವರ ಹೆಸರು ಎಂಬುದು. ನನ್ನ ಜಗಳವೆಲ್ಲ ಇರುವುದು ಇದರೊಡನೆಯೇ. ಹರಪನಹಳ್ಳಿಯ ಭೀಮವ್ವನವರು (1823-1903) 'ಭೀಮೇಶಕೃಷ್ಣ' ಎಂಬ ಅಂಕಿತದಲ್ಲಿ ರಚಿಸಿದ ಹಾಡುಗಳು ಇಂದಿಗೂ ಮನೆಮನೆಗಳಲ್ಲಿ ಕೇಳಿಬರುತ್ತವೆ. ಡಾ. ಅಂಬೇಡ್ಕರರ ತಾಯಿಯ ಹೆಸರು ಭೀಮಾಬಾಯಿ. 2025ರಲ್ಲಿ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಪಡೆದ, ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ. ಆ ಸುದ್ದಿ ಬಂದ ದಿನ ಪತ್ರಿಕೆ ಹಿಡಿದು ಹೆಮ್ಮೆಪಟ್ಟ ಮನೆಗಳಲ್ಲಿ ನಮ್ಮದೂ ಒಂದು. ಪ್ರಶಸ್ತಿ ಬಂದರೆ ಭೀಮವ್ವ ನಮ್ಮವಳು. ತೊಟ್ಟಿಲಲ್ಲಿ ಮಲಗಿದರೆ ಮಾತ್ರ ಆಕೆ ಬೇಡ!

ನಮ್ಮ ಜಿಲ್ಲೆಯ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದಿನ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಅದನ್ನು ಓದಿ ತಲೆದೂಗದ ಕನ್ನಡಿಗರಿಲ್ಲ. ಹಾಡಿದವರು ಯಾರು? ಇಂಥ ಭೀಮವ್ವ, ಭಾಗವ್ವ, ನೀಲವ್ವರಂಥವರೇ. ಅವರ ಹಾಡು ಪಠ್ಯಪುಸ್ತಕಕ್ಕೆ ಬೇಕು, ಹಾಜರಿ ಪುಸ್ತಕಕ್ಕೆ ಅವರ ಹೆಸರು ಬೇಡವೆಂದರೆ ಅದು ಎಂಥ ಅಭಿಮಾನ?

ಹಳೆಯ ಹೆಸರೆಲ್ಲ ಉಳಿಯಲೇಬೇಕೆಂಬ ಹಟ ನನ್ನದಲ್ಲ. ಹೆಣ್ಣು ಹುಟ್ಟಿದ್ದು ಸಾಕೆಂದು 'ಸಾಕವ್ವ' ಎಂದು ಕರೆದ ಮನೆಗಳೂ ನಮ್ಮಲ್ಲಿವೆ. ಕೃಷ್ಣೆ ಹುಟ್ಟುವ ಸಾತಾರಾ ಜಿಲ್ಲೆಯಲ್ಲಿ 'ಬೇಡವಾದವಳು' ಎಂಬ ಅರ್ಥದ 'ನಕುಸಾ' ಎಂಬ ಹೆಸರು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರ ಅಕ್ಟೋಬರಿನಲ್ಲಿ ಸರಕಾರದ ಅಧಿಕಾರಿಗಳೇ ಮುಂದೆ ನಿಂತು ಹೊಸ ಹೆಸರು ಕೊಡಿಸಿದರು. ಅದು ಆಗಬೇಕಾದ ಕೆಲಸ. ಮಗುವನ್ನು ಹೀಗಳೆಯುವ ಹೆಸರು ಹೋಗಲಿ. ಆದರೆ ಭೀಮವ್ವ ಎಂದು ಹೆಸರಿಟ್ಟವರು ಮಗಳನ್ನು ಹೀಗಳೆಯಲಿಲ್ಲ. ತಾವು ಕಂಡ ಅತಿ ದೊಡ್ಡ ಶಕ್ತಿಯ ಹೆಸರನ್ನು ಅವಳಿಗೆ ಕೊಟ್ಟರು. ಬೇಡವಾದವಳೆಂಬ ಹೆಸರನ್ನೂ ಹೊಳೆಯಂಥವಳೆಂಬ ಹೆಸರನ್ನೂ ಒಂದೇ ಗಂಟಿಗೆ ಕಟ್ಟಿ 'ಹಳ್ಳಿಯ ಹೆಸರು' ಎಂದು ಎಸೆಯುವುದು ವಿವೇಕವಲ್ಲ.

'ಭೂಮಿ' ಒಳ್ಳೆಯ ಹೆಸರೇ. ಆ ಹೆಸರಿನ ಮಕ್ಕಳ ಮೇಲೆ ನನಗೆ ಮುನಿಸೇನೂ ಇಲ್ಲ. ಆದರೆ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ದೇವಣಗಾಂವದ ನಮ್ಮ ಮನೆಯಲ್ಲಿ ಅವಳ ಸೋದರತ್ತೆ ಕಿವಿಯಲ್ಲಿ ಉಸುರಿದ್ದು ಭೀಮಾ ಎಂದು. ನೆರೆದ ಹೆಂಗಸರು ಆ ಸೋದರತ್ತೆಯ ಬೆನ್ನಿಗೆ ಗುದ್ದಿ ನಕ್ಕದ್ದೂ ಆ ಹೆಸರಿಗೇ. ಜನನ ಪ್ರಮಾಣಪತ್ರದಲ್ಲಿಯೂ ಅದೇ ಇದೆ. ಈಗಂತೂ ಆ ಕಾಗದದ ಬೆಲೆ ಹೆಚ್ಚಿದೆ: 2023ರ ತಿದ್ದುಪಡಿಯ ನಂತರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಜನ್ಮದಿನಕ್ಕೂ ಜನ್ಮಸ್ಥಳಕ್ಕೂ ಅದೇ ಆಧಾರ. ಅದರಲ್ಲಿ ಬರೆಸುವ ಹೆಸರನ್ನು ಯಾರದೋ ನಗೆಗೆ ಅಂಜಿ ಆರಿಸಿಕೊಂಡ ಎಳೆಯ ತಂದೆತಾಯಿಗಳು ಇನ್ನೊಮ್ಮೆ ಯೋಚಿಸಲಿ. ಶಾಲೆಯವರಲ್ಲಿ ನನ್ನ ಬಿನ್ನಹವಿಷ್ಟೆ: ಮಗುವಿನ ಹೆಸರು ಹೊಸದೆನಿಸಿದರೆ ಅದರ ಅರ್ಥವೇನೆಂದು ಕೇಳಿ. ತಿದ್ದಲು ಹೋಗಬೇಡಿ.

ನಾಳೆ ದೊಡ್ಡವಳಾದ ಮೇಲೆ ಭೀಮಾ ತಾನೇ, "ಅಜ್ಜಾ, ಈ ಹೆಸರು ನನಗೆ ಬ್ಯಾಡ" ಎಂದರೆ ನಾನು ಎದುರಾಡುವವನಲ್ಲ. ಆ ಹಕ್ಕು ಅವಳದು. ಅಲ್ಲಿಯವರೆಗೆ ಅವಳ ಹೆಸರು ಹಾಗೆಯೇ ಇರಲಿ ಎಂದು ಮಗನಿಗೂ ಸೊಸೆಗೂ ಹೇಳಿದ್ದೇನೆ. ಮನೆಯಲ್ಲಿ ಹೇಳಿದ್ದನ್ನೇ ಇಲ್ಲಿಯೂ ಬರೆದಿದ್ದೇನೆ. ಅವರು ಈ ಪುರವಣಿಯನ್ನು ತಪ್ಪದೆ ಓದುತ್ತಾರೆ.