ಕಂಪನಿಯ ವನಭೋಜನವೂ ಚಿಕ್ಕ ಮಕ್ಕಳೂ

ಹೋದ ಮಾಘಮಾಸದ ಒಂದು ರವಿವಾರ, ನಮ್ಮ ಚಿರಂಜೀವನು ಕೆಲಸ ಮಾಡುವ ಕಂಪನಿಯವರು ತಮ್ಮ ನೌಕರರನ್ನೆಲ್ಲ ಕುಟುಂಬಸಹಿತವಾಗಿ ವನಭೋಜನಕ್ಕೆ ಕರೆದಿದ್ದರು. "ಮಾವಾರ, ನೀವೂ ಬರ್ರಿ, ಹುಡುಗರನ್ನ ನೋಡಿಕೊಳ್ಳಲಿಕ್ಕೆ ಒಬ್ಬರಾದರೂ ಇರ್ತೀರಿ" ಎಂದು ಸೊಸೆಯು ಕರೆಯಲು, ಆರು ವರ್ಷದ ಮೊಮ್ಮಗನನ್ನೂ ಮೂರೂವರೆ ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ನಾವೂ ಹೊರಟೆವು. ಇಂಥ ಪ್ರಸಂಗವು ಈಗ ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಿಗೆ ಒದಗುವದರಿಂದ, ಅಂದು ಕಂಡದ್ದನ್ನೂ ನಮ್ಮಿಂದಾದ ತಪ್ಪನ್ನೂ ವಾಚಕರ ಮುಂದಿಡುತ್ತೇವೆ.

ಕಲಘಟಗಿಯ ದಾರಿಯಲ್ಲಿ ಒಂದು ಮಾವಿನ ತೋಟ. ಆಪೂಸಿನ ಮರಗಳು ಹೂಬಿಟ್ಟು ನಿಂತಿದ್ದವು. ಬೆಳಿಗ್ಗೆ ಏಳಕ್ಕೆ ಬಸ್ಸು, ಹತ್ತಕ್ಕೆ ಆಟಗಳು, ಎರಡಕ್ಕೆ ಊಟ ಎಂದು ಕಾರ್ಯಕ್ರಮವನ್ನು ಅಚ್ಚುಹಾಕಿಸಿ ಕೊಟ್ಟಿದ್ದರು. ಅದನ್ನು ಬರೆದವರ ಮನೆಯಲ್ಲಿ ಕೂಸುಗಳಿಲ್ಲವೆಂದು ನಮಗೆ ಆಗಲೇ ತೋರಿತು. ಹನ್ನೊಂದಕ್ಕೆ ಹಸಿದು, ಹನ್ನೆರಡಕ್ಕೆ ನಿದ್ದೆಗೆ ತೂಗುವ ಮಗುವು ಎರಡರವರೆಗೆ ಕಾಯುವದೆಂತು? ನಮ್ಮ ಸೊಸೆಯು ಮೊಸರನ್ನದ ಡಬ್ಬಿಯನ್ನೂ ಒಂದು ಜಮಖಾನೆಯನ್ನೂ ತಂದಿದ್ದರಿಂದ ನಾವು ಬದುಕಿದೆವು. ಇನ್ನೊಂದು ಉಪಕಾರವನ್ನೂ ಕಂಪನಿಯವರು ಮಾಡಿದ್ದರು: ಮಕ್ಕಳೆಲ್ಲರಿಗೂ ಒಂದೇ ಬಣ್ಣದ ಹಳದಿ ಟೊಪ್ಪಿಗೆ. ನೋಡಲು ಸೊಗಸು, ಆದರೆ ದೂರದಿಂದ ನಮ್ಮ ಮಗು ಯಾವುದು, ಪರರ ಮಗು ಯಾವುದು ಎಂದು ತಿಳಿಯುವಂತಿರಲಿಲ್ಲ.

ಹನ್ನೆರಡರ ಸುಮಾರಿಗೆ ಹಗ್ಗಜಗ್ಗಾಟ ನಡೆದಿತ್ತು. ಮಗನು ಹಗ್ಗ ಹಿಡಿದಿದ್ದನು. ಸೊಸೆಯು ಗಂಡನ ಪಕ್ಷಕ್ಕೆ ಚಪ್ಪಾಳೆ ತಟ್ಟುತ್ತ, ಮಗುವು ಅಜ್ಜನ ಬಳಿಯಲ್ಲಿದೆಯೆಂದು ನಂಬಿದ್ದಳು. ನಮಗಾದರೋ ಹಳೆಯ ವಿದ್ಯಾರ್ಥಿಯೊಬ್ಬನು ಭೆಟ್ಟಿಯಾಗಿ, ಅವನೊಡನೆ ಮಾತಿನಲ್ಲಿ ಮಗ್ನರಾಗಿ, ಮಗುವು ತಾಯಿಯ ಬಳಿಯಲ್ಲಿದೆಯೆಂದು ನಂಬಿದ್ದೆವು. ಆಟ ಮುಗಿದಾಗ ಕೂಸು ಎಲ್ಲಿಯೂ ಇಲ್ಲ! ಹಳದಿ ಟೊಪ್ಪಿಗೆ ಕಂಡಲ್ಲೆಲ್ಲ ಓಡಿದೆವು. ಪ್ರತಿಸಲವೂ ಬೇರೆಯವರ ಮಗು. ಕಾಲು ಗಂಟೆಯಾಗಿರಬಹುದು. ಆಗ ತೋಟದ ಆಳೊಬ್ಬನು ಅದರ ಕೈಹಿಡಿದು ಕರೆತಂದು, "ಅಜ್ಜಾರ, ಕೂಸು ಹೊಂಡದ ದಂಡಿ ಮ್ಯಾಲ ಕಪ್ಪಿ ನೋಡ್ಕೋತ ನಿಂತಿತ್ರಿ" ಎಂದನು.

ಮರಗಳ ಹಿಂದೆ ಕೃಷಿಹೊಂಡವಿತ್ತೆಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. 2014ರಲ್ಲಿ ಕರ್ನಾಟಕ ಸರಕಾರವು ಕೃಷಿಭಾಗ್ಯ ಯೋಜನೆಯನ್ನು ಆರಂಭಿಸಿದಂದಿನಿಂದ ಮಳೆನೀರು ಹಿಡಿಯುವ ಇಂಥ ಹೊಂಡಗಳು ನಮ್ಮ ನಾಡಿನಲ್ಲಿ ಹೆಚ್ಚಿವೆ. ರೈತನಿಗೆ ಅವು ಮಹದುಪಕಾರಿ. ಆದರೆ ನೀರು ಇಂಗದಿರಲೆಂದು ಇಳಿಜಾರಿನ ದಂಡೆಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿರುವದರಿಂದ, ಜಾರಿದವರಿಗೆ ಹಿಡಿಯಲು ಹುಲ್ಲುಕಡ್ಡಿಯೂ ಸಿಕ್ಕದು. ಈಜು ಬಲ್ಲ ದೊಡ್ಡವರೇ ಮೇಲೇರಲು ತ್ರಾಸಪಡುವರು. ಲೋಕದಲ್ಲಿ ನೀರಿಗೆ ಬಿದ್ದು ಸಾಯುವವರ ಪ್ರಮಾಣವು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿಯೇ ಅತ್ಯಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮುಳುಗುವ ಕೂಸು ಕೂಗುವದೂ ಇಲ್ಲ. ಉಸಿರಿಗೇ ತಡಕಾಡುವ ಬಾಯಿಗೆ ಕೂಗಲು ಅವಕಾಶವೆಲ್ಲಿ? ಧ್ವನಿವರ್ಧಕದ ಗದ್ದಲದಲ್ಲಿ ಕೂಗಿದರೂ ಕೇಳುವವರಾರು?

ಸಂಸ್ಕೃತದಲ್ಲಿ 'ಪ್ರಮಾದ'ವೆಂದರೆ ಎಚ್ಚರದಪ್ಪುವದು. ಕನ್ನಡದಲ್ಲಿ ಅದನ್ನೇ ದೊಡ್ಡ ತಪ್ಪಿಗೂ ಅನಾಹುತಕ್ಕೂ ಹೇಳುತ್ತೇವೆ. ಮೂವತ್ತು ವರ್ಷ ಈ ಶಬ್ದವನ್ನು ಹುಡುಗರಿಗೆ ಪಾಠ ಹೇಳಿದ ನಮಗೆ, ಎರಡು ಅರ್ಥಗಳ ನಡುವೆ ಅಂತರವೆಷ್ಟು ಕಡಿಮೆಯೆಂಬುದು ಆ ದಿನ ತಿಳಿಯಿತು.

ನಮ್ಮ ಬಾಲ್ಯದಲ್ಲಿ ಸೀಗೆ ಹುಣ್ಣಿವೆಗೂ ಎಳ್ಳಮಾಸಿಗೂ ಮನೆಮಂದಿಯೆಲ್ಲ ಚಕ್ಕಡಿ ಹೂಡಿ ಎರೆಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಿದ್ದೆವು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಅದೂ ವನಭೋಜನವೇ. ಎತ್ತಿನ ಕೊಳ್ಳು ಹರಿಯುವ ಮೊದಲೇ ನಮ್ಮ ಅಜ್ಜಿಯು ಒಬ್ಬೊಬ್ಬ ದೊಡ್ಡ ಹುಡುಗಿಯನ್ನು ಹೆಸರು ಹಿಡಿದು ಕರೆದು, ಒಂದೊಂದು ಕೂಸನ್ನು ಅವಳ ಸೆರಗಿಗೆ ಕಟ್ಟುತ್ತಿದ್ದಳು. ಆ ಕಾಲದಲ್ಲಿ ಬಾವಿಗೆ ಬಿದ್ದ ಮಕ್ಕಳಿರಲಿಲ್ಲವೆಂದಲ್ಲ, ಇದ್ದರು. ಆದರೆ ಇಂಥ ಕೂಸನ್ನು ಇಂಥವಳು ನೋಡಬೇಕೆಂಬುದು ನಿಶ್ಚಿತವಾಗಿತ್ತು. ಕಂಪನಿಯ ತೋಟದಲ್ಲಿ ಇನ್ನೂರು ಜನ ದೊಡ್ಡವರಿದ್ದೆವು. ಎಲ್ಲರೂ ನೋಡುವರೆಂದೇ ಯಾರೂ ನೋಡಲಿಲ್ಲ.

ವಿಚಿತ್ರವೆಂದರೆ, 1948ರ ಕಾರ್ಖಾನೆಗಳ ಕಾಯಿದೆಯು ಹೆಂಗಸರು ಹೆಚ್ಚಾಗಿ ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಕೋಣೆಯನ್ನೂ ನೋಡಿಕೊಳ್ಳುವ ತರಬೇತಿಯುಳ್ಳ ಹೆಂಗಸನ್ನೂ ಇಡಬೇಕೆಂದಿತ್ತು. ಕೆಲಸದ ದಿನಕ್ಕೆ ಇಷ್ಟು ವಿಚಾರ. ಸಂತೋಷದ ದಿನಕ್ಕೆ ಏನೂ ಇಲ್ಲ.

ಮನೆಗೆ ಬಂದು ನಾವೊಂದು ಕಾಗದ ಬರೆದೆವು. ನೀರಿರುವ ಕಡೆಗೆ ಹಗ್ಗ ಕಟ್ಟಬೇಕು. ಕೂಸುಗಳ ಊಟವನ್ನು ಹನ್ನೊಂದೂವರೆಗೆ ಬಡಿಸಬೇಕು. ಅರ್ಧ ಗಂಟೆಗೆ ಇಬ್ಬರಂತೆ ಹೆಸರು ಬರೆದು ಕಾವಲು ಹಾಕಬೇಕು. ಆ ಇಬ್ಬರು ಆಟಕ್ಕೂ ಹೋಗಬಾರದು, ಫೋನನ್ನೂ ನೋಡಬಾರದು. ಟೊಪ್ಪಿಗೆಗೆ ಮನೆಮನೆಗೊಂದು ಬಣ್ಣವಿರಲಿ, ಇಲ್ಲವೆ ಟೊಪ್ಪಿಗೆಯೇ ಬೇಡ. ಸಾಹೇಬರಿಗೆ ಇದನ್ನು ಕೊಡಲು ಮಗನು ಮೊದಲು ನಾಚಿದನು. ಸೊಸೆಯು, "ಕೊಡ್ರಿ, ಏನನ್ಕೊಂಡರೂ ಅನ್ಕೊಳ್ಳಲಿ" ಎಂದು ತಾನೇ ಅವನ ಚೀಲದಲ್ಲಿ ಇಟ್ಟಳು. ಕಾವಲಿನ ಯಾದಿಯಲ್ಲಿ ಮೊದಲಿನ ಅರ್ಧ ಗಂಟೆಗೆ ನಮ್ಮ ಹೆಸರನ್ನು ನಾವೇ ಬರೆದಿದ್ದೇವೆ.