ಮಗ್ಗುಲಲ್ಲಿ ನಿಂತ ನಟ

ಚಲನಚಿತ್ರ ನೋಡಿ ಹೊರಬಂದವರ ಬಾಯಿಗೆ ನಾಯಕನ ಹೆಸರು ಬರುತ್ತದೆ. ಅವನ ಮಗ್ಗುಲಲ್ಲಿ ನಿಂತು ಕಥೆಯನ್ನು ಹೊತ್ತವನ ಮುಖವಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಸ್ಕಾಟ್ಲೆಂಡಿನ ಗೋರ್ಡನ್ ಜಾಕ್ಸನ್ನರದು ಅಂಥ ಮುಖ.

1923ರಲ್ಲಿ ಗ್ಲಾಸ್ಗೋ ನಗರದಲ್ಲಿ ಜನಿಸಿದ ಇವರು ಐವರು ಮಕ್ಕಳಲ್ಲಿ ಕಿರಿಯರು. ಹದಿನೈದರ ಪ್ರಾಯಕ್ಕೆ ಶಾಲೆ ಬಿಟ್ಟು ರೋಲ್ಸ್-ರಾಯ್ಸ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಬಾಲ್ಯದಲ್ಲಿಯೇ ಬಿ.ಬಿ.ಸಿ.ಯ ಬಾನುಲಿ ನಾಟಕಗಳಲ್ಲಿ ಆಡಿದ್ದುಂಟು. ಈಲಿಂಗ್ ಸ್ಟುಡಿಯೋದವರಿಗೆ ಎಳೆಯ ಸ್ಕಾಟಿಷ್ ಸೈನಿಕನೊಬ್ಬನು ಬೇಕಾದಾಗ ಆ ಪಾತ್ರ ಇವರ ಪಾಲಿಗೆ ಬಂದಿತು. 'ದಿ ಫೋರ್‌ಮನ್ ವೆಂಟ್ ಟು ಫ್ರಾನ್ಸ್' ಎಂಬ ಆ ಚಿತ್ರ 1942ರಲ್ಲಿ ತೆರೆ ಕಂಡಿತು. ಬಳಿಕವೂ ಕೆಲಕಾಲ ಚಿತ್ರ ಮುಗಿದೊಡನೆ ಕಾರ್ಖಾನೆಗೆ ಹಿಂದಿರುಗುತ್ತಿದ್ದರು.

1949ರ 'ವಿಸ್ಕಿ ಗಲೋರ್' ಚಿತ್ರದಲ್ಲಿ ಇವರದು ದ್ವೀಪವೊಂದರ ಶಾಲಾ ಉಪಾಧ್ಯಾಯನ ಪಾತ್ರ. ಕಟ್ಟುನಿಟ್ಟಿನ ತಾಯಿಗೆ ನಡುಗುವ ಮಗ, ಮುಳುಗುವ ಹಡಗಿನಿಂದ ಬಂದ ಮದ್ಯ ಗಂಟಲಿಗಿಳಿದ ಮೇಲೆ ಆಕೆಗೆ ಎದುರು ನಿಲ್ಲುತ್ತಾನೆ. ಅದೇ ವೃತ್ತಿಯವರಾದ ನಮಗೆ ಆ ಧೈರ್ಯ ಬೇರೆ ದಾರಿಯಿಂದ ಬರಬಾರದಿತ್ತೇ ಎನಿಸುತ್ತದೆ, ಆದರೂ ನಗದಿರಲಾರೆವು. 1969ರ 'ದಿ ಪ್ರೈಮ್ ಆಫ್ ಮಿಸ್ ಜೀನ್ ಬ್ರೋಡಿ'ಯಲ್ಲಿ ಸಂಗೀತದ ಮೇಷ್ಟರಾಗಿ ಮತ್ತೆ ಶಾಲೆಗೇ ಬಂದರು.

ನಮ್ಮನ್ನು ಹೆಚ್ಚು ಕಾಡಿದ್ದು 1963ರ 'ದಿ ಗ್ರೇಟ್ ಎಸ್ಕೇಪ್'. ಜರ್ಮನ್ ಸೆರೆಶಿಬಿರದಿಂದ ತಪ್ಪಿಸಿಕೊಳ್ಳುವವರಿಗೆ ಜಾಕ್ಸನ್ನರ ಪಾತ್ರವೇ ಪರಭಾಷೆಯ ಪರೀಕ್ಷೆ ನಡೆಸುತ್ತದೆ. ಯಾರಾದರೂ ಥಟ್ಟನೆ ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ಮೋಸಹೋಗದಿರಿ ಎಂದು ಎಚ್ಚರಿಸುತ್ತದೆ. ಕೊನೆಗೆ ಬಸ್ಸು ಹತ್ತುವಾಗ ಶತ್ರು ಅಧಿಕಾರಿ ಇಂಗ್ಲಿಷಿನಲ್ಲಿ ಶುಭ ಕೋರುತ್ತಾನೆ. ಇವರ ಬಾಯಿಂದ ಇಂಗ್ಲಿಷಿನಲ್ಲೇ ವಂದನೆ ಜಾರುತ್ತದೆ! ಎರಡು ಪದ, ಅಲ್ಲಿಗೆ ಎಲ್ಲವೂ ಮುಗಿಯಿತು. ಮುಖದಲ್ಲಿ ಹಾದುಹೋಗುವ ಆ ಕ್ಷಣವನ್ನು ಯಾವ ನಾಯಕನಟನೂ ಮರೆಸಲಾರನು. ಗಡಿಯಾಚೆಯ ನಾವು ಕಚೇರಿಯಲ್ಲಿ ಪರನುಡಿಯನ್ನು ಎಷ್ಟೇ ಸರಾಗವಾಗಿ ಆಡಿದರೂ, ಹಣ ಎಣಿಸುವಾಗ ತುಟಿಗಳು ಕನ್ನಡದಲ್ಲಿಯೇ ಅಲುಗುತ್ತವಲ್ಲ!

ಜಾಕ್ಸನ್ನರಾದರೋ ತಮ್ಮ ನುಡಿಯ ಸೊಗಡನ್ನು ಮರೆಮಾಚಲಿಲ್ಲ, ಅದರಿಂದಲೇ ಅನ್ನ ಸಂಪಾದಿಸಿದರು. 'ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್' ಎಂಬ ದೂರದರ್ಶನ ಮಾಲಿಕೆಯಲ್ಲಿ (1971-75) ಲಂಡನ್ನಿನ ಸಿರಿವಂತರ ಮನೆಯ ಬಟ್ಲರ್ ಹಡ್ಸನ್ ಮಾತನಾಡಿದ್ದು ಸ್ಕಾಟಿಷ್ ಉಚ್ಚಾರಣೆಯಲ್ಲಿಯೇ. 1976ರಲ್ಲಿ ಅಮೆರಿಕದ ಎಮ್ಮಿ ಪ್ರಶಸ್ತಿಯೂ, 1979ರಲ್ಲಿ ಓ.ಬಿ.ಇ. ಬಿರುದೂ ಸಂದವು. 'ದಿ ಪ್ರೊಫೆಷನಲ್ಸ್' ಮಾಲಿಕೆಯ ಗಡಸು ಮುಖ್ಯಾಧಿಕಾರಿಯ ಪಾತ್ರದಲ್ಲಿಯೂ ಇವರನ್ನು ಜನ ಮೆಚ್ಚಿದರು.

'ಫ್ಲಡ್‌ಟೈಡ್' ಚಿತ್ರದಲ್ಲಿ ಜೊತೆಗೆ ನಟಿಸಿದ ರೋನಾ ಆಂಡರ್ಸನ್ ಎಂಬಾಕೆಯನ್ನು 1951ರಲ್ಲಿ ವಿವಾಹವಾದರು, ಇಬ್ಬರು ಗಂಡುಮಕ್ಕಳಾದರು. 1990ರ ಜನವರಿಯಲ್ಲಿ, ತಮ್ಮ ಅರುವತ್ತಾರನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ನಿಧನರಾದರು.