ಅದಕ್ಕ ಆಟಿಕಿ ಅನಬ್ಯಾಡ್ರಿ

ಹೋದ ಏಕಾದಶಿಗೆ ನಮ್ಮ ಅತ್ತಿಯವರು ಸಾಬೂದಾಣಿ ಖಿಚಡಿ ಮಾಡಿದ್ರು. ಎರಡನೇ ತುತ್ತಿಗೇ ನನ್ನ ಹಲ್ಲಿಗೆ ಕಟಕ್ ಅಂತು. ತಗದು ನೋಡಿದ್ರ ಬೆಳ್ಳಗ, ದುಂಡಗ, ಥೇಟ್ ಸಾಬೂದಾಣಿ ಗತೆ. ಆದ್ರ ಬೆಂದಿರಲಿಲ್ಲ, ನೂರು ವರ್ಷ ಕುದಿಸಿದ್ರೂ ಬೇಯಂಗಿಲ್ಲ. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು, ನಮ್ಮನಿಯವರ ಬಂದೂಕಿಂದು. ಹಿಂದಿನ ರಾತ್ರಿ ಅವರು ನನ್ನ ಸ್ಟೀಲ್ ಬಟ್ಟಲದಾಗ ಗುಂಡು ಎಣಿಸ್ಕೋತ ಕೂತಿದ್ರು, ಬಟ್ಟಲಾ ಹಂಗೇ ಕಟ್ಟಿ ಮ್ಯಾಲೆ ಬಿಟ್ಟಿದ್ರು. ಅತ್ತಿಯವರು ಅದರಾಗ ಸಾಬೂದಾಣಿ ನೆನಿ ಹಾಕಿದ್ರು. "ಹೋಗ್ಲಿ ಬಿಡವಾ, ಆಟಿಕಿ ಗುಂಡು" ಅಂತ ಅವರು ನಕ್ರು. ನಾನೂ ನಕ್ಕೆ.

ಈಗ ನಗಂಗಿಲ್ಲ. ಇದು ಜಗಳದ ಬರಹ, ಮೊದಲ ಹೇಳಿಬಿಡ್ತೇನಿ. ನನ್ನ ಜಗಳ ಆ "ಆಟಿಕಿ" ಅನ್ನೂ ಶಬ್ದದ ಕೂಡ.

ಧಾರವಾಡದಾಗ ಕೂತು ಓದೂ ಅಕ್ಕಂದಿರಿಗೆ, ವೈನಿಯವರಿಗೆ, ಮಾವಶಿಗೆ ಇದೇನು ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. ಏರ್‌ಸಾಫ್ಟ್ ಅಂತ ಒಂದು ಆಟ ಅದ. ಹುಟ್ಟಿದ್ದು ಜಪಾನಿನಾಗ, 1970ರ ದಶಕದಾಗ. ಅಲ್ಲೆ ಸಾಮಾನ್ಯ ಮನಷ್ಯಾಗ ಖರೇ ಬಂದೂಕು ಇಟ್ಕೊಳ್ಳೂದು ಭಾಳ ಕಠಿಣ. ಅದಕ್ಕ ನೋಡಾಕ ಖರೇದರ ಗತೆ, ಹಾರ್ಸಾಕ ಪ್ಲಾಸ್ಟಿಕ್ ಗುಂಡು ಅಂತ ಮಾಡಿದ್ರು. ಎರಡು ತಂಡ ಮಾಡ್ಕೊಂಡು, ಕಣ್ಣಿಗೆ ಗಾಗಲ್ ಹಾಕ್ಕೊಂಡು ಆಡ್ತಾರ. ಗುಂಡು ಬಡಿದ್ರ ಬಡಿಸ್ಕೊಂಡಾಂವನ ಕೈ ಎತ್ತಿ "ಹಿಟ್" ಅನ್ನಬೇಕು. ಪ್ರಾಮಾಣಿಕತಾ ಮ್ಯಾಲೇ ಆಟ ನಡೀತದ. ಆ ಒಂದು ಮಾತು ನನಗ ಭಾಳ ಛೊಲೊ ಅನಸ್ತದ.

ನಮ್ಮನಿಯವರಿಗೆ ಹುಚ್ಚು ಹಿಡಿದದ್ದು ಹಳೇ ಕಾಲದ ಶಾಟ್‌ಗನ್ನಿನ ನಕಲುಗೋಳದು. ಒಂದು 1887ರ ಮಾಡೆಲ್. ಜಾನ್ ಬ್ರೌನಿಂಗ್ ಅನ್ನಾಂವ ವಿಂಚೆಸ್ಟರ್ ಕಂಪನಿಗೆ ಮಾಡಿಕೊಟ್ಟದ್ದು, ಕೆಳಗಿನ ಹಿಡಿಕಿ ಜಗ್ಗಿದ್ರ ಕಾಡತೂಸು ಹೊರಗ ಬೀಳ್ತದ. 1991ರ 'ಟರ್ಮಿನೇಟರ್ 2' ಸಿನಿಮಾದಾಗ ಮೋಟರ್‌ಸೈಕಲ್ ಮ್ಯಾಲೆ ಕೂತು ಆರ್ನಾಲ್ಡ್ ಗರಾ ಗರಾ ತಿರಗಸ್ತಾನಲ್ಲ, ಅದ. ಇನ್ನೊಂದು ಎರಡು ನಳಿಗಿದು, ನಡುವ ಮುರಿದು ಕಾಡತೂಸು ತುಂಬೂದು. ಎರಡಕ್ಕೂ ಕಟಗಿ ಹಿಡಿಕಿ, ಉಕ್ಕಿನ ನಳಿಗಿ. ಊಟಕ್ಕ ಕೂತ್ರ ಇದರದ ಪುರಾಣ: ಮೊದಲನೇ ಮಹಾಯುದ್ಧದಾಗ ಅಮೇರಿಕಾದ ಸೈನಿಕರು ಕಂದಕದಾಗ ಶಾಟ್‌ಗನ್ ಹಿಡಕೊಂಡು ಹೋಗಿದ್ದು, 1918ರಾಗ ಜರ್ಮನಿ ಅದು ಅನ್ಯಾಯ ಅಂತ ತಕರಾರು ಬರದಿದ್ದು. ಸಾರು ಆರಿಹೋದ್ರೂ ಪುರಾಣ ಮುಗಿಯಂಗಿಲ್ಲ.

ರವಿವಾರ ಗ್ಯಾರೇಜಿನಾಗ "ಟೆಸ್ಟಿಂಗ್". ಕ್ರೋನೋಗ್ರಾಫ್ ಅಂತ ಒಂದು ಯಂತ್ರ ಅದ, ಗುಂಡು ಎಷ್ಟು ಜೋರಿನಿಂದ ಹೋತು ಅಂತ ತೋರಸ್ತದ. 0.20 ಗ್ರಾಮಿನ ಗುಂಡು ಸೆಕೆಂಡಿಗೆ 100 ಮೀಟರ್ ಹೋದ್ರ ಅದರ ಶಕ್ತಿ ಬರೋಬ್ಬರಿ 1 ಜೂಲ್. ಜಪಾನಿನಾಗ ಕಾನೂನಿನ ಮಿತೀನೇ 0.98 ಜೂಲ್. ಇಲ್ಲೆ ಮೈದಾನದವರು ತಮ್ಮ ತಮ್ಮ ಮಿತಿ ಇಡ್ತಾರ, ಹತ್ತಿರದಿಂದ ಆಡೂ ಜಾಗಾದಾಗ ಸೆಕೆಂಡಿಗೆ 350 ಅಡಿ ಆಸುಪಾಸು. ಗ್ಯಾಸಿನ ಬಂದೂಕು ಬಿಸಲಿಗೆ ಬದಲಾಗ್ತದ. ಮುಂಜಾನೆ ತಂಪಿನ್ಯಾಗ 310 ತೋರಿಸಿದ್ದು ಮಧ್ಯಾಹ್ನ ಗ್ಯಾರೇಜ್ ಕಾದ ಮ್ಯಾಲೆ 340 ತೋರಸ್ತದ. ಶಾಟ್‌ಗನ್ನಿನಾಗ ಒಂದ ಸಲಕ್ಕ ಮೂರೋ, ಅದಕ್ಕಿಂತ ಹೆಚ್ಚೋ ಗುಂಡು ಹಾರ್ತಾವ, ಯಂತ್ರ ಗೊಂದಲಕ್ಕ ಬೀಳ್ತದ. ಅಪ್ಪ ಮಗ ಕೂಡಿ ವಹಿ ತುಂಬ ಲೆಕ್ಕ ಬರೀತಾರ. ನನ್ನ ಮಗ ಶಾಲಿಯಾಗ ಕಲೀದ ಜೂಲ್ ಗ್ಯಾರೇಜಿನಾಗ ಕಲತಾನ. ಫೋನ್ ಬಿಟ್ಟು ಅಪ್ಪನ ಬಾಜೂಕ ಎರಡು ತಾಸು ಕೂಡ್ತಾನ. ಇದನ್ನ ನಾ ಅಲ್ಲಗಳೆಯಂಗಿಲ್ಲ. ಸವೆದ ರಬ್ಬರ್ ಉಂಗುರ ಬದಲಿಸಿ, ಕಟಗಿಗೆ ಎಣ್ಣಿ ತಿಕ್ಕಿ, ಹಳೇ ವಸ್ತು ಒಂದು ಜೀವಂತ ಇಡೂದರಾಗ ಸುಖ ಅದ. ನಮ್ಮವ್ವ ಬೀಸೂಕಲ್ಲಿಗೆ ಮುಳ್ಳು ಹೊಡಿಸ್ತಿದ್ಲಲ್ಲ, ಅದೇ ಸುಖ.

ಆದ್ರ ಆ ಶಬ್ದ ನೋಡ್ರಿ ಏನು ಮಾಡ್ತದ. ಆಟಿಕಿ ಅಂದ್ರ ಗುಂಡು ಅನ್ನದ ಬಟ್ಟಲಕ್ಕ ಬರ್ತಾವ. ಆಟಿಕಿ ಅಂದ್ರ ಗ್ಯಾಸ್ ತುಂಬೂದು ಅಡಗಿಮನಿ ಕಟ್ಟಿ ಮ್ಯಾಲೆ ನಡೀತದ. ಈ ಕಾಡತೂಸಿಗೆ ತುಂಬೂ "ಗ್ರೀನ್ ಗ್ಯಾಸ್" ಅಂದ್ರ ಮತ್ತೇನೂ ಅಲ್ಲ, ಪ್ರೊಪೇನಿಗೆ ಚೂರು ಸಿಲಿಕೋನ್ ಎಣ್ಣಿ ಕೂಡಿಸಿದ್ದು. ನಮ್ಮ ಸಿಲಿಂಡರಿನ ಗ್ಯಾಸಿನಾಗ ಇರೂದೂ ಪ್ರೊಪೇನ್, ಬ್ಯೂಟೇನ್. ಡಬ್ಬಿ ತಲಿಕೆಳಗ ಮಾಡಿ ತುಂಬುವಾಗ ಪ್ರತಿ ಸಲ ಪುಸ್ ಅಂತ ಸ್ವಲ್ಪ ಹೊರಗ ಬರ್ತದ. ನಾ ಒಗ್ಗರಣಿಗೆ ಇಟ್ಟಿದ್ದೆ, ಇವರು ಎರಡು ಮೊಳ ದೂರದಾಗ ಪುಸ್ ಪುಸ್ ಅನ್ನಿಸ್ಲಿಕ್ಕೆ ಹತ್ತಿದ್ರು. ಸಿಲಿಂಡರ್ ಸೋರಿದ್ರ ಕಿಡಕಿ ತಗೀರಿ, ದೀಪ ಹಚ್ಚಬ್ಯಾಡ್ರಿ ಅಂತ ಓಣಿಗೆಲ್ಲಾ ಕೇಳೂ ಹಂಗ ಒದರೂ ಮನಷ್ಯಾ, ಇದಕ್ಕ ಮಾತ್ರ "ಏ, ಆಟಿಕಿ ಗ್ಯಾಸು" ಅಂದ್ರು.

ಕಣ್ಣಿನ ಮಾತೂ ಅಷ್ಟ. ಗುಂಡು ಗ್ವಾಡಿಗೆ ಬಡಿದ್ರ ತಿರುಗಿ ಬರ್ತದ. ಚಾಳೀಸು ಸಾಕಾಗಂಗಿಲ್ಲ, ಮಗ್ಗಲಿನಿಂದ ತೆರೆದಿರ್ತದ. ಸುತ್ತಲೂ ಮುಚ್ಚೂ ಗಾಗಲ್ ಬೇಕು, ಅದರ ಮ್ಯಾಲೆ ಝೆಡ್ 87.1 ಅಂತ ಗುರುತು ಇರಬೇಕು. ಆಡೂ ಮೈದಾನದಾಗ ಗಾಗಲ್ ತಗದ್ರ ಹೊರಗ ಹಾಕ್ತಾರ. ನಮ್ಮ ಗ್ಯಾರೇಜಿನಾಗ ಮಾತ್ರ ಬರಿಗಣ್ಣು, ಯಾಕಂದ್ರ "ಒಂದೇ ಗುಂಡು, ಸುಮ್ನ ಟೆಸ್ಟು". ಗುಂಡಿಗೆ ಟೆಸ್ಟು ಯಾವುದು, ಆಟ ಯಾವುದು ಅಂತ ತಿಳೀತದೇನು?

ಇಷ್ಟಾದ್ರೂ ನಾ ಸುಮ್ನಿದ್ದೆ. ಬಾಯಿ ಬಿಟ್ಟದ್ದು ಕಿತ್ತಳೆ ಬಣ್ಣದ ಸಂಬಂಧ.

ಈ ಬಂದೂಕು ಮಾರುವಾಗ ನಳಿಗಿ ತುದಿಗೆ ಕಿತ್ತಳೆ ಬಣ್ಣ ಇರ್ತದ. ಕಂಡವರಿಗೆ ನಕಲಿ ಅಂತ ತಿಳೀಲಿ ಅಂತ 1988ರಾಗ ಇಲ್ಲಿಯ ಸಂಸತ್ತು ಮಾಡಿದ ಕಾನೂನು. ನಮ್ಮನಿಯವರು ಎರಡು ನಳಿಗಿದರ ತುದಿಗೆ ಕರೀ ಬಣ್ಣ ಹೊಡದ್ರು. "ಹಳೇ ಬಂದೂಕಿಗೆ ಕಿತ್ತಳೆ ಅಂದ್ರ ಮುತ್ತಜ್ಜಿಗೆ ಲಿಪ್‌ಸ್ಟಿಕ್ ಹಚ್ಚಿದಂಗ" ಅಂತ ಚಾಷ್ಟಿ ಬ್ಯಾರೆ. ಮುಂದಿನ ಶನಿವಾರ ಹದಿನಾಲ್ಕು ವರ್ಷದ ನನ್ನ ಮಗ ಬೆಳಕು ಛೊಲೊ ಅದ ಅಂತ ಅದನ್ನ ಹಿಡಕೊಂಡು ಮನಿ ಮುಂದ ಫೋಟೋ ತಕ್ಕೊಳ್ಳಾಕ ನಿಂತ. ಕರೀ ಅಂಗಿ, ತಲಿ ಮ್ಯಾಲೆ ಟೋಪಿಗಿ.

ಸಂಜಿಕೆ ಎದುರು ಮನಿ ಅಜ್ಜಿ ಬಾಗಲಾ ಬಡದ್ರು. ಎಂಬತ್ತರ ಮ್ಯಾಲಿನ ಅಮೇರಿಕನ್ ಅಜ್ಜಿ, ಕೋಲು ಹಿಡಕೊಂಡು ರಸ್ತೆ ದಾಟಿ ಬಂದಿದ್ರು. ಕೈ ನಡಗ್ತಿತ್ತು. ನಾ ಫೋನಿನಾಗ 911 ಒತ್ತಿಬಿಟ್ಟಿದ್ದೆ, ಕರೆ ಹಚ್ಚೂದೊಂದ ಬಾಕಿ ಇತ್ತು, ಅಷ್ಟರಾಗ ಹುಡುಗ ತಿರುಗಿದ, ನಿಮ್ಮ ಮಗ ಅಂತ ಗುರುತು ಸಿಕ್ತು ಅಂದ್ರು. ಗುರುತು ಯಾಕ ಸಿಕ್ತು ಗೊತ್ತೇನು? ಪ್ರತಿ ಗುರುವಾರ ಅವರ ಮನಿ ಕಸದ ಡಬ್ಬಿ ರಸ್ತೆಗೆ ಎಳದು ಇಡಾಂವ ನನ್ನ ಮಗ. ಒಂದು ಕಸದ ಡಬ್ಬಿ ಪುಣ್ಯಾ ನಮ್ಮನ್ನ ಉಳಿಸ್ತು. ಆ ಹೊತ್ತಿಗೆ ಆ ದಾರಿಲೆ ಗುರ್ತಿಲ್ಲದವರು ಹಾದಿದ್ರ?

ಹಾದಿದ್ರ ಏನಾಗ್ತಿತ್ತು ಅನ್ನೂದು ನನ್ನ ಕಲ್ಪನಾ ಅಲ್ಲ. 2014ರ ನವೆಂಬರ್ 22ಕ್ಕ ಒಹಾಯೋದ ಕ್ಲೀವ್‌ಲ್ಯಾಂಡಿನಾಗ ತಮೀರ್ ರೈಸ್ ಅನ್ನೂ 12 ವರ್ಷದ ಕಪ್ಪು ಹುಡುಗ ಪಾರ್ಕಿನಾಗ ಏರ್‌ಸಾಫ್ಟ್ ಪಿಸ್ತೂಲ್ ಹಿಡಕೊಂಡು ಆಡ್ತಿದ್ದ. ಅದರ ಕಿತ್ತಳೆ ತುದಿ ಇರಲಿಲ್ಲ. ನೋಡಿದಾಂವ ಪೋಲೀಸರಿಗೆ ಫೋನ್ ಮಾಡಿದಾಗ, ಅದು ಬಹುತೇಕ ನಕಲಿ ಇದ್ದೀತು, ಹಿಡಿದಾಂವ ಸಣ್ಣ ಹುಡುಗ ಇದ್ದಾನು ಅಂತಲೂ ಹೇಳಿದ್ದ. ಆ ಮಾತು ಗಾಡಿಯಾಗಿದ್ದ ಪೋಲೀಸರ ತನಕ ಮುಟ್ಟಲಿಲ್ಲ. ಗಾಡಿ ಬಂದು ನಿಂತ ಎರಡು ಸೆಕೆಂಡಿನಾಗ ಗುಂಡು ಹಾರ್ತು. ಅದರ ಹಿಂದಿನ ವರ್ಷ, 2013ರ ಅಕ್ಟೋಬರದಾಗ, ನಮ್ಮ ಕ್ಯಾಲಿಫೋರ್ನಿಯಾದ ಸಾಂತಾ ರೋಸಾದಾಗ 13 ವರ್ಷದ ಹುಡುಗ ಹಿಂಗ ಏರ್‌ಸಾಫ್ಟ್ ಬಂದೂಕು ಹಿಡಕೊಂಡು ಹೊಂಟಿದ್ದ, ಅದಕ್ಕೂ ಕಿತ್ತಳೆ ತುದಿ ಇರಲಿಲ್ಲ, ಅವನೂ ಹೋದ. ಆಮ್ಯಾಲೆ ಈ ರಾಜ್ಯದವರು ಕಾನೂನು ಬಿಗಿ ಮಾಡಿದ್ರು. 2016ರಿಂದ ಇಲ್ಲೆ ಮಾರೂ ಏರ್‌ಸಾಫ್ಟ್ ಬಂದೂಕಿಗೆ ತುದಿ ಅಷ್ಟ ಅಲ್ಲ, ಟ್ರಿಗರಿನ ಸುತ್ತಲೂ ಹೊಳೆಯೂ ಬಣ್ಣ ಬೇಕು, ಮ್ಯಾಲೆ ಬಣ್ಣದ ಪಟ್ಟಿ ಬೇಕು.

ಆ ತಾಯಂದ್ರೂ "ಆಟಿಕಿ" ಅಂತ ಎಷ್ಟು ಸಲ ಹೇಳಿರಬೇಕು. ಖರೇನೇ ಹೇಳಿದ್ರು. ಆದ್ರ ನಾವು ಮನಿಯೊಳಗ ಅನ್ನೂ ಶಬ್ದ ಹೊಸ್ತಲಾ ದಾಟಂಗಿಲ್ಲ. ಹೊರಗಿನಾಂವಗ ಕಾಣೂದು ಕರೀ ನಳಿಗಿ, ಮತ್ತ ಅದನ್ನ ಹಿಡಿದ ಕೈ. ನಮ್ಮ ಮಕ್ಕಳ ಮೈಬಣ್ಣ ನಮಗ ಕಾಣಂಗಿಲ್ಲ, ಹೊರಗ ಕಾಣ್ತದ. ಇದನ್ನ ಇಲ್ಲಿಯ ನಮ್ಮ ಗೆಳತ್ಯಾರು ಮನಸಿನಾಗ ಇಟ್ಕೋಬೇಕು, ನಿಮ್ಮ ಹುಡುಗರೂ ನಮ್ಮ ಗ್ಯಾರೇಜಿಗೆ ಬಂದು ಹೋಗ್ತಾರ.

ನಮ್ಮನಿಯವರ ಕಡೆ ವಕಾಲತ್ತು ರೆಡಿ ಇತ್ತು. "ಕಾನೂನಿನ್ಯಾಗ ವಿನಾಯಿತಿ ಅದ. 1898ಕ್ಕಿಂತ ಹಿಂದಿನ ಬಂದೂಕಿನ ನಕಲಿಗೆ ಕಿತ್ತಳೆ ಬೇಕಿಲ್ಲ. ನಂದು 1887" ಅಂದ್ರು. ನಾನೂ ಕೂತು ಓದಿದೆ. ವಿನಾಯಿತಿ ಇರೂದು ಖರೆ, ಆದ್ರ ಗುಂಡು ಹಾರಿಸಲಾರದ, ಷೋಕೇಸಿನಾಗ ಇಡೂ ನಕಲಿಗೆ. ನಿಮ್ಮದು ಹಾರಸ್ತದ. ಹಾರಸ್ತದ ಅಂತೇ ನೀವು ರವಿವಾರ ಲೆಕ್ಕಾ ಬರೀತೀರಿ. ಅಳಿಯುವಾಗ ಬಂದೂಕು, ಬಣ್ಣ ಹಚ್ಚುವಾಗ ಪುರಾತನ ವಸ್ತು, ನಾ ಕೇಳಿದ್ರ ಆಟಿಕಿ! ಒಂದು ಹೆಸರಿಗೆ ನಿಂದರ್ರಿ ಅಂದೆ. ಸುಮ್ಮನಾದ್ರು.

ಇನ್ನ ನಮ್ಮ ದೊಡ್ಡಕ್ಕಗ ಉತ್ತರ. ಅಕಿ ಫೋನಿನಾಗ "ಎಲ್ಲಾ ಒಗದು ಬಿಡ, ಮನ್ಯಾಗ ಬಂದೂಕು ಅಂದ್ರ ಅಪಶಕುನ" ಅಂದ್ಲು. ಅಕ್ಕಾ, ನಿನ್ನ ಮನ್ಯಾಗ ಈಳಗಿ ಇಲ್ಲೇನು? ಅವ್ವ ನಮಗ ಈಳಗಿ ಮುಟ್ಟಬ್ಯಾಡ್ರಿ ಅನ್ನಲಿಲ್ಲ. ಹೆಚ್ಚೂದಾದ ಕೂಡಲೆ ಮಗ್ಗಲಾ ಮಲಗಸ್ರಿ, ದಾಟಬ್ಯಾಡ್ರಿ, ಕೂಸು ಅಂಬೆಗಾಲಿಟ್ರ ಮ್ಯಾಲೆ ಎತ್ತಿಡ್ರಿ ಅಂದ್ಲು. ಕುಕ್ಕರಿನ ಕೂಡ ಐವತ್ತು ವರ್ಷ ಬಾಳೇವು ಮಾಡೇವಿ, ಸೀಟಿ ಇಳೀದ ಮುಚ್ಚಳಾ ತಗೀಬ್ಯಾಡ್ರಿ ಅನ್ನೂದು ಏಳು ವರ್ಷದ ಹುಡುಗಿಗೂ ಗೊತ್ತು. ಅವಕ್ಕ ಯಾರೂ ಆಟಿಕಿ ಅನ್ನಲಿಲ್ಲ, ಅದಕ್ಕ ಅವಕ್ಕ ರೀತಿ ರಿವಾಜು ಬಂದ್ವು. ಒಗದ್ರ ಮಗ ಗೆಳೆಯನ ಮನಿಗೆ ಹೋಗಿ ಹಿಡೀತಾನ, ಅಲ್ಲೆ ರಿವಾಜು ಇರ್ತದೋ ಇಲ್ಲೋ. ತಮೀರ್ ಕೈಯಾಗಿದ್ದದ್ದೂ ಗೆಳೆಯನದೇ.

ಹಂಗಾಗಿ ಗ್ಯಾರೇಜಿನ ಬಾಗಲಾ ಮ್ಯಾಲೆ ನಾ ಬರದು ಅಂಟಿಸೇನಿ. ಗೆಳತ್ಯಾರು ಬೇಕಾದ್ರ ಫೋಟೋ ಹೊಡಕೊಳ್ರಿ.

1. ತುದಿಗೆ ಕಿತ್ತಳೆ ಇದ್ದೇ ಇರಬೇಕು. ಹಚ್ಚಿದ ಕರೀ ಬಣ್ಣ ಹಚ್ಚಿದವರ ಕೈಲೇ ಕೆರಸೇನಿ.
2. ಮನಿಯಿಂದ ಗಾಡಿಗೆ, ಗಾಡಿಯಿಂದ ಮೈದಾನಕ್ಕ ಮುಚ್ಚಿದ ಚೀಲದಾಗ. ಮನಿ ಮುಂದ, ಪಾರ್ಕಿನಾಗ, ಕಿಡಕ್ಯಾಗ ಹೊರಗ ತಗೀಬಾರದು, ಫೋಟೋಕ್ಕೂ ಇಲ್ಲ.
3. ಟೆಸ್ಟಿಂಗಿಗೆ ಗ್ಯಾರೇಜಿನಾಗ ಕಾಲಿಟ್ಟವರೆಲ್ಲಾ ಗಾಗಲ್ ಹಾಕಬೇಕು. ಚಹಾ ಕೊಡಾಕ ಬಂದ ನಾನೂ.
4. ಗುರಿ ಹಿಂದ ಹಳೇ ಚಾದರ ತುಂಬಿದ ರಟ್ಟಿನ ಡಬ್ಬಿ. ಬರೀ ಗ್ವಾಡಿಗೆ ಹೊಡಿಯಂಗಿಲ್ಲ.
5. ಗ್ಯಾಸ್ ತುಂಬೂದು ಹೊರಗ ಗಾಳ್ಯಾಗ. ಅಡಗಿಮನಿಗೆ ಆ ಡಬ್ಬಿ ಬರಂಗಿಲ್ಲ, ನನ್ನ ಬಟ್ಟಲಾ ಅಲ್ಲಿಗೆ ಹೋಗಂಗಿಲ್ಲ.
6. ಹಾರಿಸಿದ ಗುಂಡು ಎಣಿಸಿ ಆರಿಸಬೇಕು. ಕೂಸಿರೂ ಮನಿಯವರು ಬರ್ತಾರ, ಗಂಟಲಾಗ ಸಿಕ್ರ ಸಾಬೂದಾಣಿ ಗತೆ ಕರಗಂಗಿಲ್ಲ.
7. ಕೆಲಸ ಮುಗದ ಮ್ಯಾಲೆ ಕೀಲಿ. ಕೀಲಿ ನನ್ನ ಹಂತ್ಯಾಕ.
8. ಊರಿಗೆ ಒಯ್ಯೂ ಮಾತೇ ಬ್ಯಾಡ. ಇಲ್ಲಿಯ ವಿಮಾನದಾಗ ಕೈಚೀಲಕ್ಕ ನಕಲಿ ಬಂದೂಕೂ ಬಿಡಂಗಿಲ್ಲ. ಭಾವನವರಿಗೆ ಫೋಟೋ ತೋರಿಸಿದ್ರ ಸಾಕು.

ಅತ್ತಿಯವರು ಕನ್ನಡಕ ಹಾಕ್ಕೊಂಡು ಎಂಟೂ ಓದಿದ್ರು. ಓದಿ, "ದೀಪಾವಳಿಗೆ ಟಿಕಳಿ ಪಿಸ್ತೂಲ್ ಹಾರಿಸಿ ಬೆಳದ ಹುಡುಗಗ ಇಷ್ಟೆಲ್ಲಾ ಯಾಕವಾ" ಅಂದ್ರು. ಟಿಕಳಿ ಪಿಸ್ತೂಲ್ ನೋಡಿ ಯಾರೂ ಪೋಲೀಸರನ್ನ ಕರೀಲಿಲ್ಲರೀ ಅತ್ತಿ, ಅದು ಆಟಿಕಿ ಇತ್ತು, ಆಟಿಕಿ ಗತೇನ ಕಾಣ್ತಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ನ ಕೂತ್ರು. ಆಮ್ಯಾಲೆ ಎದ್ದು, ಆ ಸ್ಟೀಲ್ ಬಟ್ಟಲಾ ಎರಡನೇ ಸಲ ತೊಳದು ಇಟ್ರು.

ಈ ಗುರುವಾರನೂ ಮಗ ಎದುರು ಮನಿ ಕಸದ ಡಬ್ಬಿ ಎಳದು ಇಟ್ಟಾನ. ಅಜ್ಜಿ ಕಿಡಕ್ಯಾಗಿಂದ ಕೈ ಬೀಸಿದ್ರು. ನಿಮ್ಮ ಮನ್ಯಾಗೂ ಇಂಥಾ ಬಂದೂಕು ಇದ್ರ ಇವತ್ತ ತುದಿ ನೋಡ್ರಿ. ಕರ್ರಗಿದ್ರ ಹಚ್ಚಿದವರನ್ನ ಕೂಡಿಸಿ ಕೆರಸ್ರಿ.